ರಿಟೈರ್ ಆದ ಮೇಲೆ ಬೆಟ್ಟ ಹತ್ತಲೇಬೇಕಾ?

ಹೊಸದಾಗಿ ರಿಟೈರ್ ಆದವರಿಗೆ ಒಂದು ಮಾತು. ಮೊದಲ ವಾರವೇ ಚಾಮುಂಡಿ ಬೆಟ್ಟದ 1000 ಮೆಟ್ಟಿಲು ಹತ್ತುವ ಹಟ ಬೇಡ. ಹತ್ತುವಾಗ ಏದುಸಿರು ಬರುತ್ತದೆ ನಿಜ, ಆದರೆ ಮಂಡಿಗೆ ಪೆಟ್ಟು ಜಾಸ್ತಿ ಬೀಳುವುದು ಇಳಿಯುವಾಗ. ಬೆಟ್ಟದ ನಂದಿ ವಿಗ್ರಹದ ಹತ್ತಿರದವರೆಗೆ ಗಾಡಿ ಹೋಗುತ್ತದೆ. ಅಲ್ಲೇ ಕೂತು ಊರು ನೋಡಿ. ತಾಯಿ ಚಾಮುಂಡಿ ಹಾಜರಿ ಹಾಕಿಕೊಳ್ಳುವುದಿಲ್ಲ!

ನಡೆಯಲು ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಾರಿ ಒಳ್ಳೆಯದು. ಆದರೆ ಕೆರೆ ಸುತ್ತುವಾಗ ಒಂದು ತೊಂದರೆ ಇದೆ. ಅರ್ಧ ದಾರಿಯಲ್ಲಿ ಸುಸ್ತಾದರೆ ಮುಂದೆ ಹೋದರೂ ಅಷ್ಟೇ, ಹಿಂದೆ ಬಂದರೂ ಅಷ್ಟೇ. ಅದಕ್ಕೇ ಶುರುವಿನಲ್ಲಿ ಕಾಲು ಭಾಗ ಹೋಗಿ ತಿರುಗಿಬಿಡಿ. ನಡೆಯುತ್ತಾ ಆರಾಮಾಗಿ ಮಾತಾಡೋಕೆ ಆಗಬೇಕು, ಅದೇ ಸರಿಯಾದ ವೇಗ. ಮಾತು ತುಂಡಾದರೆ ನಿಧಾನಿಸಿ. ಎದೆ ಹಿಡಿದಂತಾದರೆ ನಿಂತುಬಿಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಪಕ್ಕದವರು ಓಡುತ್ತಿದ್ದರೆ ಓಡಲಿ, ನೀವು ಕೆರೆಯ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿ ನೋಡಿ.

ಕಾಲಿಗಿಂತ ಕಷ್ಟ ಬಾಯಿಯದು, ‘ಇಲ್ಲ’ ಅನ್ನೋಕೆ ಬರೋದೇ ಇಲ್ಲ. ನೀವು ಫ್ರೀ ಅಂತ ಗೊತ್ತಾದ ಕೂಡಲೇ ಬಡಾವಣೆ ಸಂಘದ ಲೆಕ್ಕಪತ್ರ, ಗಣೇಶೋತ್ಸವದ ಚಂದಾ, ನೆಂಟರ ಮದುವೆ ಉಸ್ತುವಾರಿ, ಎಲ್ಲಾ ನಿಮ್ಮ ತಲೆಗೇ ಬರುತ್ತೆ ಅಲ್ವಾ? ಇಷ್ಟವಿರುವ ಒಂದನ್ನು ಮಾತ್ರ ಒಪ್ಪಿಕೊಳ್ಳಿ. ಅದನ್ನೂ ‘ಆರು ತಿಂಗಳು ಮಾತ್ರ’ ಅಂತ ಮೊದಲೇ ಹೇಳಿಬಿಡಿ.