ಅಂದಕ್ಕೆ ಹಾಕಿಸಿದ ಕ್ಯಾಪ್ ನೋಯತೊಡಗಿದಾಗ

ಮದುವೆ ನಿಶ್ಚಯವಾದ ಮೇಲೆ ಉಳಿದ ಕೆಲವೇ ವಾರಗಳಲ್ಲಿ ಮುಂದಿನ ಹಲ್ಲುಗಳನ್ನೆಲ್ಲ ಬೆಳ್ಳಗೆ, ಸಾಲಾಗಿ ಮಾಡಿಸಿಕೊಳ್ಳಲು ಹೊರಟವರೂ, ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಮೂಡಿದ ಕಂದು ಕಲೆಯನ್ನು ಮುಚ್ಚಿಸಲು ಹೋದವರೂ ಕೆಲವೊಮ್ಮೆ ಹೊಸ ಹಲ್ಲಿನ ಜೊತೆಗೆ ನೋವನ್ನೂ ತರುತ್ತಾರೆ. ಅಂಥವರು ಹಾಕಿದ್ದನ್ನು ನಾಳೆಯೇ ತೆಗೆಸಿ ಬೇರೆಯದನ್ನು ಕೂರಿಸಿಕೊಳ್ಳುವ ಆತುರಕ್ಕೆ ಬೀಳಬಾರದು. ಹಲ್ಲಿನ ಮುಂಭಾಗಕ್ಕೆ ತೆಳು ಪದರದಂತೆ ಅಂಟಿಸಿದ ವಿನಿಯರನ್ನಾಗಲಿ, ಹಲ್ಲನ್ನು ಪೂರ್ತಿ ಮುಚ್ಚುವ ಗಟ್ಟಿ ಜಿರ್ಕೋನಿಯಾ ಕ್ಯಾಪನ್ನಾಗಲಿ ಸಾಮಾನ್ಯವಾಗಿ ಕೊರೆದೇ ತೆಗೆಯಬೇಕಾಗುವುದರಿಂದ, ಪ್ರತಿ ಸಲವೂ ಒಳಗಿನ ಸ್ವಂತ ಹಲ್ಲು ಇನ್ನಷ್ಟು ಸವೆಯುವ ಸಂಭವವಿರುತ್ತದೆ.

ಮೊದಲು ನೋವಿನ ಬಗೆಯನ್ನು ಗಮನಿಸಿ ಬರೆದಿಟ್ಟುಕೊಳ್ಳಿ. ತಣ್ಣೀರು ತಗುಲಿದಾಗ ಜುಮ್ಮೆಂದು ಕೆಲವೇ ಕ್ಷಣಗಳಲ್ಲಿ ಇಳಿದುಹೋದರೆ ಒಳಗಿನ ನರ ಕೆರಳಿದೆಯಷ್ಟೆ. ಹಲವು ವಾರಗಳಲ್ಲಿ ಅದು ತಾನಾಗಿ ಶಮನವಾಗಬಹುದು. ಬಿಸಿ ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೂ ನೋವು ನಿಮಿಷಗಟ್ಟಲೆ ಉಳಿದರೆ, ಅಥವಾ ಏನೂ ತಗುಲದೆಯೇ ನಡುರಾತ್ರಿ ಎಬ್ಬಿಸಿದರೆ, ನರ ಚೇತರಿಸಿಕೊಳ್ಳಲಾರದಷ್ಟು ಕೆಟ್ಟಿರುವ ಸಾಧ್ಯತೆ ಹೆಚ್ಚು, ಆಗ ಕೆಟ್ಟ ನರವನ್ನು ತೆಗೆದು ಬೇರಿನ ಒಳಗನ್ನು ತುಂಬುವ ರೂಟ್ ಕೆನಾಲ್ ಬೇಕಾಗುತ್ತದೆ. ಮುಂದಿನ ಹಲ್ಲಿನಲ್ಲಿ ವಸಡಿನ ಹತ್ತಿರ ಎನಾಮೆಲ್ ಎಂಬ ಹೊರಗಿನ ಗಟ್ಟಿ ಪದರ ಅರ್ಧ ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲ. ಪೂರ್ತಿ ಕ್ಯಾಪಿಗೆಂದು ಸುತ್ತಲೂ ಒಂದರಿಂದ ಒಂದೂವರೆ ಮಿಲಿಮೀಟರ್ ತೇಯುವಾಗ, ಅದರಲ್ಲೂ ತಂಪಿಗೆ ಬಿಡುವ ನೀರು ಸಾಲದೆ ಹಲ್ಲು ಬಿಸಿಯೇರಿದರೆ, ನರಕ್ಕೆ ಪೆಟ್ಟು ಬೀಳುವುದು ಅನಿರೀಕ್ಷಿತವೇನಲ್ಲ.

ಕಚ್ಚಿದಾಗ ಮಾತ್ರ ನೋಯುವ ಹಲ್ಲಿನಲ್ಲಿ ಕ್ಯಾಪ್ ಕೂದಲೆಳೆಯಷ್ಟು ಎತ್ತರವಾಗಿರಬಹುದು. ವೈದ್ಯರು ತೆಳುವಾದ ನೀಲಿ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸುತ್ತಾರೆ. ಎತ್ತರವಿರುವ ಜಾಗದಲ್ಲಿ ಗಾಢ ಗುರುತು ಬೀಳುತ್ತದೆ, ಅಷ್ಟನ್ನು ಸವರಿ ನಯಗೊಳಿಸಿದರೆ ಬಹಳ ಸಲ ನೋವು ಕೆಲವು ದಿನಗಳಲ್ಲಿ ಇಳಿಯುತ್ತದೆ. ಸುಮ್ಮನೆ ಕಚ್ಚಿದರೆ ಸಾಲದು, ದವಡೆಯನ್ನು ಎಡಕ್ಕೂ ಬಲಕ್ಕೂ ಮುಂದಕ್ಕೂ ಜಾರಿಸಿ ನೋಡುವಂತೆ ಕೇಳಿ. ಇಷ್ಟು ಸಣ್ಣ ಪರೀಕ್ಷೆಯನ್ನೂ ಮಾಡದೆ ಎಲ್ಲವನ್ನೂ ಬದಲಿಸೋಣ ಎನ್ನುವವರ ಬಳಿ ಮುಂದುವರಿಯದಿರುವುದು ಒಳ್ಳೆಯದು.

ವಸಡಿನ ತೊಂದರೆಯನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಹಲ್ಲುಗಳ ಸಂದಿಗೆ ಫ್ಲಾಸ್ ದಾರವನ್ನು ಇಳಿಸಿ ಮೇಲೆತ್ತುವಾಗ ಅದು ಒಂದೇ ಕಡೆ ಸಿಕ್ಕಿಕೊಂಡು ಎಳೆಎಳೆಯಾಗಿ ಹರಿದು ಬಂದರೆ ಕ್ಯಾಪಿನ ಅಂಚು ಅಲ್ಲಿ ಹೊರಚಾಚಿರಬಹುದು. ದಾರವೇ ಇಳಿಯದಿದ್ದರೆ ಪಕ್ಕದ ಕ್ಯಾಪುಗಳನ್ನು ಒಂದಕ್ಕೊಂದು ಸೇರಿಸಿರಬಹುದು ಅಥವಾ ಸಿಮೆಂಟು ಉಳಿದಿರಬಹುದು. ಕ್ಯಾಪಿನ ಅಂಚು ವಸಡಿನೊಳಗಿನ ಮೂಳೆಯಿಂದ ಸುಮಾರು ಎರಡು ಮಿಲಿಮೀಟರಿಗಿಂತ ಹತ್ತಿರ ಹೋಗಿದ್ದರೆ, ಎಷ್ಟು ಉಜ್ಜಿದರೂ ವಸಡಿನ ಕೆಂಪು ಮತ್ತು ರಕ್ತ ನಿಲ್ಲುವುದು ಕಷ್ಟ.

ಚಿಕಿತ್ಸೆ ಸಿಗುವವರೆಗೆ, ಹೊಟ್ಟೆ ಹುಣ್ಣು, ಮೂತ್ರಪಿಂಡದ ಕಾಯಿಲೆ, ಆಸ್ತಮಾ, ಗರ್ಭಧಾರಣೆ ಇಲ್ಲದ ವಯಸ್ಕರು ಊಟದ ನಂತರ ಐಬುಪ್ರೊಫೆನ್ 400 ಮಿಲಿಗ್ರಾಂ, ಜೊತೆಗೆ ಪ್ಯಾರಸಿಟಮಾಲ್ 500 ಮಿಲಿಗ್ರಾಂ ತೆಗೆದುಕೊಳ್ಳಬಹುದು. ಬೇರೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು ವಸಡಿಗೆ ಹಿತ. ಲವಂಗದ ಎಣ್ಣೆಯನ್ನು ನೇರವಾಗಿ ಸುರಿದುಕೊಂಡರೆ ವಸಡು ಸುಡುತ್ತದೆ; ನಮ್ಮ ಮನೆಗಳಲ್ಲಿ ಈ ಎಚ್ಚರಿಕೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನರದ ನೋವಿಗೆ ಮೆಡಿಕಲ್ ಸ್ಟೋರಿನಿಂದ ಆಂಟಿಬಯೋಟಿಕ್ ತಂದು ನುಂಗುವುದರಿಂದ ಪ್ರಯೋಜನವಿಲ್ಲ. ಆದರೆ ಊತ ಕಣ್ಣಿನತ್ತ ಅಥವಾ ದವಡೆಯ ಕೆಳಗೆ ಹರಡಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗಲೆಂದು ಕಾಯದೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಎರಡನೆಯ ಅಭಿಪ್ರಾಯಕ್ಕೆ ಮೈಸೂರಿನ ಜೆಎಸ್‌ಎಸ್ ಅಥವಾ ಫಾರೂಕಿಯಾ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ಹೋದರೆ ಅನುಕೂಲ, ಏಕೆಂದರೆ ಕ್ಯಾಪ್, ಬೇರು, ವಸಡು ಮೂರಕ್ಕೂ ಬೇರೆ ಬೇರೆ ವಿಭಾಗಗಳು ಒಂದೇ ಆವರಣದಲ್ಲಿರುತ್ತವೆ. ಹಳೆಯ ಎಕ್ಸ್-ರೇ, ಬಿಲ್ಲು, ಮೊದಲಿನ ಹಲ್ಲಿನ ಫೋಟೊ ಜೊತೆಗಿರಲಿ. ಪ್ರತಿ ಹಲ್ಲಿನ ಬೇರಿನ ತುದಿ ಕಾಣುವಂತೆ ಸಣ್ಣ ಎಕ್ಸ್-ರೇ ತೆಗೆದ ಮೇಲಷ್ಟೇ ಯಾವ ಹಲ್ಲಿಗೆ ಏನು ಬೇಕೆಂದು ಹೇಳಲು ಸಾಧ್ಯ.

ತೆಗೆಯಲೇಬೇಕಾದ ಕ್ಯಾಪನ್ನು ತೆಗೆದ ದಿನವೇ ಹೊಸದಕ್ಕೆ ಅಳತೆ ಕೊಡುವುದು ಸಾಮಾನ್ಯವಾಗಿ ಒಪ್ಪತಕ್ಕದ್ದಲ್ಲ. ಹುಳುಕನ್ನು ತೆಗೆದು, ಬೇಕಾದ ಹಲ್ಲಿಗೆ ರೂಟ್ ಕೆನಾಲ್ ಮುಗಿಸಿ, ಅಂಚು ಸರಿಯಾಗಿರುವ ತಾತ್ಕಾಲಿಕ ಕ್ಯಾಪನ್ನು ಕೆಲವು ವಾರಗಳಾದರೂ ಇಟ್ಟುಕೊಳ್ಳಬೇಕು. ವಸಡಿಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ತಿಂಗಳುಗಳೇ ಬೇಕಾಗುತ್ತವೆ. ಊದಿಕೊಂಡ ವಸಡಿನ ಮೇಲೆ ಅಳತೆ ತೆಗೆದರೆ, ಊತ ಇಳಿದ ಮೇಲೆ ಹೊಸ ಅಂಚು ಬಯಲಾಗಿ ಮತ್ತೆ ಜುಮ್ಮೆನ್ನುತ್ತದೆ. ಈ ಅವಧಿಯಲ್ಲಿ ರಾಗಿಮುದ್ದೆ ನುಂಗಲು ಅಡ್ಡಿಯಿಲ್ಲ, ಕಬ್ಬು ಸಿಗಿಯುವುದು ಮಾತ್ರ ಬೇಡ. ಮಾತನಾಡಿದಾಗ ತೊದಲುತ್ತದೆಯೇ, ತುಟಿ ಮುಚ್ಚುತ್ತದೆಯೇ, ಬೆಳಿಗ್ಗೆ ಏಳುವಾಗ ದವಡೆ ಬಿಗಿದಿರುತ್ತದೆಯೇ ಎಂಬುದನ್ನು ಈ ಹಂತದಲ್ಲಿಯೇ ಪರೀಕ್ಷಿಸಿ, ತಾತ್ಕಾಲಿಕ ಕ್ಯಾಪಿನ ಆಕಾರವನ್ನು ತಿದ್ದಿಸಿ, ಅದೇ ಆಕಾರವನ್ನು ಲ್ಯಾಬಿಗೆ ಕಳುಹಿಸುವಂತೆ ಹೇಳಿ. ಖಾಯಂ ಕ್ಯಾಪನ್ನು ಅಂಟಿಸುವ ಮುನ್ನ ಕನ್ನಡಿ ಕೇಳಿ ಪಡೆದು, ಸಾಧ್ಯವಾದರೆ ಹಗಲಿನ ಬೆಳಕಿನಲ್ಲಿ, ಬಣ್ಣವನ್ನೂ ನೋಡಿಕೊಳ್ಳಬೇಕು.

ಹಣ ಮರಳಿ ಪಡೆಯುವ ಯೋಚನೆಯಿದ್ದರೆ ಮೊದಲು ಚಿಕಿತ್ಸೆ ನೀಡಿದವರಿಗೆ ಬರಹದಲ್ಲಿ ತಿಳಿಸಿ ದಾಖಲೆಗಳ ಪ್ರತಿ ಕೇಳಿ. ಹಣ ಪಡೆದು ನೀಡಿದ ದಂತ ಚಿಕಿತ್ಸೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದರಿಂದ, ತೊಂದರೆ ಉಂಟಾದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಬಹುದು; ವೈದ್ಯರ ನಡತೆಯ ಬಗೆಗಿನ ದೂರು ರಾಜ್ಯ ದಂತ ವೈದ್ಯಕೀಯ ಪರಿಷತ್ತಿಗೆ ಹೋಗುತ್ತದೆ. ಮರುಚಿಕಿತ್ಸೆ ಶುರುವಾಗುವ ಮುನ್ನ ಫೋಟೊ ಮತ್ತು ಎಕ್ಸ್-ರೇ ತೆಗೆಸಿಟ್ಟು, ಹೊಸ ವೈದ್ಯರು ಕಂಡದ್ದನ್ನು ಯಾವ ಹಲ್ಲೆಂದು ಗುರುತಿಸುವ ಸಂಖ್ಯೆಯ ಸಮೇತ ಬರೆಸಿಕೊಳ್ಳಿ. ಕೊರೆದು ತೆಗೆದ ಹಳೆಯ ಕ್ಯಾಪಿನ ಚೂರುಗಳನ್ನೂ ಕೇಳಿ ಪಡೆದು ದಿನಾಂಕ ಬರೆದ ಡಬ್ಬಿಯಲ್ಲಿ ಇಟ್ಟುಕೊಳ್ಳಿ.