ಲೇಸರ್‌ನಲ್ಲಿ ಕೂದಲು ತೆಗೆಸುವ ಮುನ್ನ: ಮಷೀನ್ ಯಾವುದು, ಹಿಡಿಯುವ ಕೈ ಯಾರದು?

‘ಲೇಸರ್ ಮಾಡಿಸಿಕೊಂಡರೆ ಕ್ಯಾನ್ಸರ್ ಬರುತ್ತಂತೆ’, ‘ಮುಂದೆ ಮಕ್ಕಳಾಗೋಲ್ವಂತೆ’. ಕೂದಲು ತೆಗೆಸುವ ಮಾತು ಬಂದಾಗಲೆಲ್ಲ ಮನೆಗಳಲ್ಲಿ ಏಳುವ ಭಯ ಇವೆರಡು. ಎರಡಕ್ಕೂ ಆಧಾರವಿಲ್ಲ. ಇಲ್ಲಿ ಬಳಸುವುದು ಎಕ್ಸ್‌ರೇಯೂ ಅಲ್ಲ, ಅತಿನೇರಳೆ ಕಿರಣವೂ ಅಲ್ಲ. ಚರ್ಮದೊಳಗೆ ಕೆಲವೇ ಮಿಲಿಮೀಟರ್ ಇಳಿಯುವ ಬೆಳಕು. ಗರ್ಭಕೋಶದವರೆಗೆ ಹೋಗುವ ಮಾತೇ ಇಲ್ಲ. ಹೆದರಬೇಕಾದದ್ದು ಬೇರೆ: ಸುಟ್ಟ ಗಾಯ, ತಿಂಗಳುಗಟ್ಟಲೆ ಮಾಸದ ಕಪ್ಪು ಕಲೆ, ಕಣ್ಣಿಗೆ ಬೀಳುವ ಪೆಟ್ಟು. ಬಹುಪಾಲು ತಪ್ಪಿಸಬಹುದಾದವೇ. ಆದರೆ ಆ ಕೆಲಸ ಪ್ಯಾಕೇಜಿಗೆ ಹಣ ಕಟ್ಟುವ ಮೊದಲೇ ಆಗಬೇಕು.

ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿ ಕೂದಲ ಬುಡವನ್ನು ಸುಡುತ್ತದೆ. 1983ರಲ್ಲಿ ಅಮೆರಿಕದ ಸಂಶೋಧಕರಾದ ರಾಕ್ಸ್ ಆಂಡರ್‌ಸನ್ ಮತ್ತು ಜಾನ್ ಪ್ಯಾರಿಶ್ ಮುಂದಿಟ್ಟ ಈ ತತ್ತ್ವದ ಮೇಲೆ ಇಡೀ ಚಿಕಿತ್ಸೆ ನಿಂತಿದೆ. ಬಿಳಿ ಕೂದಲಿಗೆ ಇದು ಕೆಲಸ ಮಾಡದಿರುವುದೂ ಅದಕ್ಕೇ. ತೊಡಕೇನೆಂದರೆ, ಅದೇ ಮೆಲನಿನ್ ಚರ್ಮದಲ್ಲೂ ಇದೆ. ತೀರಾ ಬೆಳ್ಳಗಿನ ಮೈಯಲ್ಲಿ ಬೆಳಕಿಗೆ ಕೂದಲೊಂದೇ ಗುರಿ. ಗೋಧಿ ಬಣ್ಣದಲ್ಲಿ, ಕಪ್ಪು ಬಣ್ಣದಲ್ಲಿ ಚರ್ಮವೂ ಪಾಲು ಕೇಳುತ್ತದೆ. ಚರ್ಮವೈದ್ಯರು ಮೈಬಣ್ಣವನ್ನು ಫಿಟ್ಸ್‌ಪ್ಯಾಟ್ರಿಕ್ ಮಾಪನದಲ್ಲಿ 1ರಿಂದ 6ರವರೆಗೆ ವಿಂಗಡಿಸುತ್ತಾರೆ. ನಮ್ಮಲ್ಲಿ ಹೆಚ್ಚಿನವರು 4 ಅಥವಾ 5ನೇ ಬಗೆಯವರು. ಆದ್ದರಿಂದ ಬೇರೆ ದೇಶದ ಯೂಟ್ಯೂಬ್ ವಿಡಿಯೊ ನೋಡಿ ಅದೇ ಮಷೀನ್, ಅದೇ ಸೆಟ್ಟಿಂಗ್ ಬೇಕೆಂದು ಕೂರಬೇಡಿ.

ಮೊದಲು ಡಾಕ್ಟರ್

ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿಯಾಗಿರಬೇಕು, ಪ್ರಮಾಣಪತ್ರ ಕಣ್ಣಿಗೆ ಕಾಣುವಂತಿರಬೇಕು. ಚರ್ಮರೋಗದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಮಾಡಿದ ವೈದ್ಯರು ನಿಮ್ಮ ಚರ್ಮ ನೋಡಿದ ಮೇಲೆಯೇ ಮುಂದಿನ ಮಾತು. ಬಟನ್ ಒತ್ತುವವರು ತರಬೇತಾದ ಟೆಕ್ನಿಷಿಯನ್ ಆಗಿರಬಹುದು, ಅದು ತಪ್ಪಲ್ಲ. ಏನಾದರೂ ಎಡವಟ್ಟಾದರೆ ಡಾಕ್ಟರ್ ಅದೇ ಕಟ್ಟಡದಲ್ಲಿದ್ದಾರೆಯೇ ಎಂದು ಕೇಳಿ. ‘ಕಾಸ್ಮೆಟಾಲಜಿಸ್ಟ್’ ಎಂಬ ಬೋರ್ಡೊಂದನ್ನೇ ನಂಬಬೇಡಿ. ಸಣ್ಣ ಕೋರ್ಸ್ ಮುಗಿಸಿದವರೂ ಅದನ್ನು ಹಾಕಿಕೊಳ್ಳುತ್ತಾರೆ.

ಆಮೇಲೆ ಮಷೀನ್

ಬೆಳಕಿನ ತರಂಗ ಉದ್ದವಾದಷ್ಟೂ ಮೇಲ್ಪದರ ಅದನ್ನು ಹೀರುವುದು ಕಡಿಮೆ. 755 ನ್ಯಾನೊಮೀಟರಿನ ಅಲೆಕ್ಸಾಂಡ್ರೈಟ್ ಬೆಳ್ಳಗಿನವರಿಗೆ ಸರಿ. 800ರ ಆಸುಪಾಸಿನ ಡಯೋಡ್, ತಂಪುಗೊಳಿಸುವ ತುದಿ ಇದ್ದು ಸೆಟ್ಟಿಂಗ್ ಹದವಾಗಿದ್ದರೆ, ನಮ್ಮ ಮೈಬಣ್ಣಕ್ಕೂ ಒಗ್ಗುತ್ತದೆ. ಗಾಢ ಬಣ್ಣದವರಿಗೆ ಎಲ್ಲಕ್ಕಿಂತ ಸುರಕ್ಷಿತ 1064ರ ಎನ್‌ಡಿ ಯಾಗ್. ನೋವು ಸ್ವಲ್ಪ ಜಾಸ್ತಿ. ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಎಂಬುದು ಲೇಸರ್ ಅಲ್ಲ, ಹಲವು ತರಂಗಗಳ ಕಲಬೆರಕೆ ಬೆಳಕು. ಮನೆಯಲ್ಲಿ ಬಳಸಲು ಮಾರುವ ಉಪಕರಣಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಡಬ್ಬಿಯ ಮೇಲಿನ ಮೈಬಣ್ಣದ ಪಟ್ಟಿಯಲ್ಲಿ ನಿಮ್ಮ ಬಣ್ಣಕ್ಕೆ ‘ಬೇಡ’ ಎಂದಿದ್ದರೆ, ಆಫರ್ ಎಷ್ಟೇ ಇರಲಿ, ಬೇಡ.

ಮುಚ್ಚಿಡಬೇಡಿ

ಮೊಡವೆಗೆ ನುಂಗುವ ಮಾತ್ರೆ, ಬಿಸಿಲಿಗೆ ಚರ್ಮ ಉರಿಸುವ ಡಾಕ್ಸಿಸೈಕ್ಲಿನ್‌ನಂಥ ಔಷಧ, ತುಟಿಯ ಸುತ್ತ ಮತ್ತೆ ಮತ್ತೆ ಏಳುವ ಹರ್ಪಿಸ್ ಗುಳ್ಳೆ, ಗಾಯ ಉಬ್ಬಿ ಕೆಲಾಯ್ಡ್ ಆಗುವ ಗುಣ, ಇವನ್ನೆಲ್ಲ ಹೇಳಿ. ಗರ್ಭಿಣಿಯಾಗಿದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಮಚ್ಚೆ, ಹಚ್ಚೆಗಳ ಮೇಲೆ ಲೇಸರ್ ಹಾಯಿಸಕೂಡದು. ಗಲ್ಲದಲ್ಲಿ ಒರಟು ಕೂದಲು ಜತೆಗೆ ಮುಟ್ಟಿನ ಏರುಪೇರು ಇದ್ದರೆ ಮೊದಲು ಪಿಸಿಒಎಸ್ (ಹಾರ್ಮೋನ್ ಏರುಪೇರಿನ, ಅಂಡಾಶಯಕ್ಕೆ ಸಂಬಂಧಿಸಿದ ತೊಂದರೆ) ಇದೆಯೇ ನೋಡಿಸಿ. ಹಾರ್ಮೋನ್ ಹತೋಟಿಗೆ ಬರದಿದ್ದರೆ ಹೊಸ ಕೂದಲು ಹುಟ್ಟುತ್ತಲೇ ಇರುತ್ತದೆ. ಮುಖ, ಕತ್ತಿನ ಮೇಲಿನ ನವಿರು ರೋಮಕ್ಕೆ ಲೇಸರ್ ಹಾಕಿಸಿದಾಗ ಕೆಲವರಲ್ಲಿ ಅದು ದಪ್ಪಗೆ, ದಟ್ಟವಾಗಿ ಬೆಳೆಯುವುದೂ ಉಂಟು. ದಕ್ಷಿಣ ಏಷ್ಯಾದವರಲ್ಲಿ ಈ ಸಾಧ್ಯತೆ ಹೆಚ್ಚು. ಮಾರುವವರು ಸಾಮಾನ್ಯವಾಗಿ ಬಾಯಿಬಿಡದ ಸಂಗತಿ ಇದು. ನನ್ನನ್ನು ಕೇಳಿದರೆ, ಕೆನ್ನೆಯ ನವಿರನ್ನು ಅದರ ಪಾಡಿಗೆ ಬಿಡುವುದೇ ಜಾಣತನ.

ತಯಾರಿ

ನಾಲ್ಕು ವಾರ ಮೊದಲಿನಿಂದ ವ್ಯಾಕ್ಸಿಂಗ್, ಥ್ರೆಡ್ಡಿಂಗ್ ನಿಲ್ಲಿಸಿ; ಬುಡವೇ ಕಿತ್ತುಹೋದರೆ ಬೆಳಕಿಗೆ ಗುರಿಯೇ ಇರುವುದಿಲ್ಲ. ಶೇವ್ ಮಾಡಬಹುದು, ಮಾಡಿಯೇ ಹೋಗಬೇಕು. ಬಿಸಿಲಿಗೆ ಕಂದಿದ ಚರ್ಮವಿದ್ದರೆ ದಿನ ಮುಂದೂಡಿ.

ಮರಗಟ್ಟಿಸುವ ಕ್ರೀಮಿನ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಕಾಲಿಗೆಲ್ಲ ಅಂಥ ಕ್ರೀಮ್ ಬಳಿದು ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಲೇಸರ್‌ಗೆ ಹೊರಟ ಇಬ್ಬರು ಯುವತಿಯರು ಅಮೆರಿಕದಲ್ಲಿ ಸತ್ತರು. 2007ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿತು. ದೊಡ್ಡ ಜಾಗಕ್ಕೆ ಹಚ್ಚಿ ಮುಚ್ಚಿದಾಗ ಲಿಡೊಕೇನ್‌ನಂಥ ಔಷಧ ರಕ್ತಕ್ಕಿಳಿದು ಹೃದಯದ ಬಡಿತ ಕೆಡಿಸಬಲ್ಲದು, ಫಿಟ್ಸ್ ತರಬಲ್ಲದು. ಮೆಡಿಕಲ್ ಶಾಪಿನಿಂದ ನೀವಾಗಿ ತಂದು ಮನೆಯಲ್ಲಿ ಬಳಿದುಕೊಂಡು ಹೋಗಬೇಡಿ.

ಆ ದಿನ

ಆ ದಿನಕ್ಕೂ ಮೊದಲೇ ಪ್ಯಾಚ್ ಟೆಸ್ಟ್ ಆಗಿರಬೇಕು. ಅಂಗೈಗಿಂತ ಚಿಕ್ಕ ಜಾಗದಲ್ಲಿ ಮಾಡಿ ಕೆಲವು ದಿನ ಕಾಯಬೇಕು. ಕಪ್ಪು ಮೈಯಲ್ಲಿ ಕಲೆ ತಡವಾಗಿ ಮೂಡುತ್ತದೆ. ಹತ್ತು ನಿಮಿಷ ಬಿಟ್ಟು ‘ಏನೂ ಆಗಿಲ್ಲ, ಶುರು ಮಾಡೋಣ’ ಎಂದರೆ ಅದು ಟೆಸ್ಟ್ ಅಲ್ಲ. ಕೋಣೆಯಲ್ಲಿರುವ ಎಲ್ಲರೂ ಆ ತರಂಗಕ್ಕೆಂದೇ ಮಾಡಿದ ಕನ್ನಡಕ ಹಾಕಿರಬೇಕು. ಹುಬ್ಬಿನ ಕೆಳಗೆ, ಕಣ್ಣಿನ ಗೂಡಿನೊಳಗೆ ಲೇಸರ್ ಬೇಡವೇ ಬೇಡ. ಸುಟ್ಟ ಕೂದಲಿನ ವಾಸನೆ ಬರುತ್ತದೆ. ಆ ಹೊಗೆಯೂ ಒಳ್ಳೆಯದಲ್ಲ, ಅದನ್ನು ಹೊರಹಾಕುವ ವ್ಯವಸ್ಥೆ ಇರಬೇಕು. ಚುರುಕ್ ಎನ್ನುವುದು ಸಹಜ. ತಡೆಯಲಾಗದ ಉರಿಯಾದರೆ ನಿಲ್ಲಿಸಲು ಹೇಳಿ, ಸಂಕೋಚ ಬೇಡ.

ಮುಗಿದ ಮೇಲೆ

ಪ್ರತಿ ಕೂದಲ ಬುಡದ ಸುತ್ತ ಸಾಸಿವೆಯಷ್ಟು ಉಬ್ಬು, ಕೆಂಪು ಕಾಣುವುದು ಒಳ್ಳೆಯ ಲಕ್ಷಣವೇ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ತಪ್ಪದೆ ಹಚ್ಚಿ. ಮುಂದಿನ ಸಿಟ್ಟಿಂಗ್ ನಾಲ್ಕರಿಂದ ಎಂಟು ವಾರಕ್ಕೆ. ಒಟ್ಟು ಆರೆಂಟು ಬೇಕಾಗುವುದರಿಂದ, ಮದುವೆಗೆ ಒಂದು ತಿಂಗಳಿರುವಾಗ ಶುರು ಮಾಡುವುದು ದಂಡ.

ನೀರುಗುಳ್ಳೆ ಎದ್ದರೆ, ಚರ್ಮ ಬೂದಿ ಬಣ್ಣಕ್ಕೆ ತಿರುಗಿದರೆ, ಹ್ಯಾಂಡ್‌ಪೀಸಿನ ತುದಿಯಷ್ಟೇ ಅಳತೆಯ ಚೌಕದ ಬರೆಗಳು ಸಾಲಾಗಿ ಮೂಡಿದರೆ ಅದು ಸುಟ್ಟ ಗಾಯ. ತಣ್ಣನೆ ಒದ್ದೆ ಬಟ್ಟೆ ಇಡಿ. ಗುಳ್ಳೆ ಒಡೆಯಬೇಡಿ, ಟೂತ್‌ಪೇಸ್ಟ್, ಅರಿಶಿನ ಮೆತ್ತಬೇಡಿ. ಫೋಟೊ ತೆಗೆದಿಟ್ಟು ಅದೇ ದಿನ ಚರ್ಮವೈದ್ಯರನ್ನು ಕಾಣಿ. ಮಷೀನಿನ ಹೆಸರು, ಅಂದಿನ ಸೆಟ್ಟಿಂಗ್ ಎರಡನ್ನೂ ಬರೆಸಿಕೊಳ್ಳಿ; ಬೇರೆ ಡಾಕ್ಟರ ಬಳಿ ಹೋದರೆ ಅವರು ಮೊದಲು ಕೇಳುವುದು ಅದನ್ನೇ. ಕಲೆ ಮಾಯುವವರೆಗೆ ಮತ್ತೆ ಆ ಮಂಚ ಹತ್ತಬೇಡಿ, ಪ್ಯಾಕೇಜಿನ ಅವಧಿ ಮುಗಿಯುತ್ತದೆಂದು ಅವರು ಎಷ್ಟು ಫೋನ್ ಮಾಡಿದರೂ.