ಮೇಲಿಂದ ತೆಗೆದ ಫೋಟೋದಲ್ಲಿ ನೀರಿನ ಜಾಡು: ನನ್ನ ಅನುಭವ

ಐದನೇ ಬೋರಿನಲ್ಲಿ ನೀರು ಚಿಮ್ಮಿದಾಗ ರಿಗ್ಗಿನವರು ನನ್ನನ್ನೇ ನೋಡುತ್ತಾ ನಿಂತರು. "ಡ್ರೋನ್ ಫೋಟೋ ನೋಡಿ ಕೊರೆಯೋ ಪಾಯಿಂಟ್ ಕೊಡ್ತೀರಾ?" ಎಂದು ಬೆಳಗ್ಗೆ ಕೇಳಿದ್ದವರು ಅವರೇ. ಸುಮಾರು 190 ಅಡಿಗೆ ತೇವ ಬಂತು. 240ರ ಆಸುಪಾಸಿನಲ್ಲಿ ಬಿರುಕು ಸಿಕ್ಕಿತು. ಎರಡೂವರೆ ಇಂಚು ನೀರು.

ಅದಕ್ಕೂ ಮೊದಲು ನಾಲ್ಕು ಬೋರು ಫೇಲ್ ಆಗಿದ್ದವು. ಎಲ್ಲವೂ ಗಟ್ಟಿ ಕಲ್ಲಿನ ನೆಲ. ಒಂದು ಕಡೆ ಫೋಟೋದಲ್ಲಿ ಕಂಡ ನೇರ ಕಪ್ಪು ಗೆರೆಯನ್ನು ಬಿರುಕು ಅಂದುಕೊಂಡೆ. ಕೊರೆಸಿದ ಮೇಲೆ ವಿಚಾರಿಸಿದರೆ ಅದು ಹಳೇ ಬಂಡಿದಾರಿ! ಬೇಲಿ, ಬದು, ಹೂತ ಪೈಪು ಎಲ್ಲವೂ ಹಾಗೇ ಕಾಣುತ್ತವೆ. ಇನ್ನೊಂದು ಕಡೆ ಗೆರೆ ನಿಜವೇ, ಆದರೆ ಅದು ಡೈಕ್, ಅಂದರೆ ಬಂಡೆಯ ಸೀಳಿನಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದ ಕಲ್ಲಿನ ಗೋಡೆ. ಬಿರುಕಿಲ್ಲದ ಡೈಕ್ ನೀರನ್ನು ಅಡ್ಡಗಟ್ಟುತ್ತದೆ, ನೀರು ಅದರ ಮೇಲ್ಬದಿಯಲ್ಲಿ ನಿಲ್ಲುತ್ತದೆ. ನಾನು ಡೈಕಿನ ನೆತ್ತಿಗೇ ಕೊರೆಸಿದ್ದೆ. ಈ ಎರಡು ಬೋರಿಗೆ ಸುರಿದ ದುಡ್ಡಿನಲ್ಲಿ ನನ್ನ ಡ್ರೋನಿನಂಥವು ಇನ್ನೂ ಮೂರು ಬರುತ್ತಿದ್ದವು. ಆ ಸಂಕಟ ಈಗಲೂ ಇದೆ.

ಆಮೇಲೆ ನಾನು ಬದಲಾಯಿಸಿದ್ದು ಹಾರಿಸುವ ಹೊತ್ತನ್ನು. ಮಳೆ ಮುಗಿದ ಕೂಡಲೇ ತೆಗೆದರೆ ಎಲ್ಲ ಕಡೆ ಹಸಿರೇ, ಏನೂ ತಿಳಿಯುವುದಿಲ್ಲ. ಬೇಸಿಗೆ ಕೊನೆಗೆ ಸುತ್ತ ಒಣಗಿದ್ದರೂ ಬಾಡದೆ ಉಳಿದ ಮರಗಳ ಸಾಲು ನೋಡಬೇಕು. ಬಿಸಿಲು ಓರೆಯಾಗಿರುವಾಗ ಇನ್ನೊಂದು ಸುತ್ತು ಹಾರಿಸುತ್ತೇನೆ, ಸಣ್ಣ ತಗ್ಗೂ ನೆರಳಿನಿಂದ ಎದ್ದು ಕಾಣುತ್ತದೆ. ಓವರ್‌ಲ್ಯಾಪ್ (ಒಂದು ಫೋಟೋದ ಭಾಗ ಪಕ್ಕದ ಫೋಟೋದಲ್ಲೂ ಬರುವ ಪ್ರಮಾಣ) ಶೇ. 75–80 ಇಡುತ್ತೇನೆ. ಒಮ್ಮೆ ಬ್ಯಾಟರಿ ಉಳಿಸೋಣ ಎಂದು 50ಕ್ಕೆ ಇಳಿಸಿದೆ. ಎತ್ತರದ ನಕ್ಷೆ ತುಂಬಾ ತೂತು ಬಿದ್ದು ಇಡೀ ದಿನ ವ್ಯರ್ಥವಾಯಿತು.

2008ರಿಂದ ಉಚಿತವಾಗಿ ಸಿಗುವ, ಅಮೆರಿಕದ ಉಪಗ್ರಹವಾದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಮೊದಲು ನೋಡಿಬಿಡುತ್ತೇನೆ. 30 ಮೀಟರಿನ ಪಿಕ್ಸೆಲ್‌ನಲ್ಲಿ ದೊಡ್ಡ ಗೆರೆ ಮಾತ್ರ ಕಾಣುತ್ತದೆ, ಆದರೂ ಎಲ್ಲಿ ಹಾರಿಸಬೇಕು ಎಂಬುದು ಗೊತ್ತಾಗುತ್ತದೆ. ಗೆರೆಗಳು ಕೂಡುವ ಜಾಗವೇ ನನ್ನ ಗುರಿ. ಲ್ಯಾಟ್‌ಮನ್ ಮತ್ತು ಪ್ಯಾರಿಝೆಕ್ ಎಂಬ ಅಮೆರಿಕದ ಭೂವಿಜ್ಞಾನಿಗಳು 1964ರಲ್ಲೇ ಸುಣ್ಣಕಲ್ಲಿನ ನೆಲದಲ್ಲಿ ಇಂಥ ಗೆರೆಗಳಲ್ಲಿ, ಅವು ಕೂಡುವಲ್ಲಿ ನೀರು ಹೆಚ್ಚು ಎಂದು ತೋರಿಸಿದ್ದರು. ಎರಡು ಗೆರೆಗಳಲ್ಲಿ ನೀರು ಹೊರುವುದು ಯಾವುದು ಎಂದು ತೂಗುವ ನನ್ನ ಲೆಕ್ಕ ಬೇರೆ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಥರ್ಮಲ್ ಕ್ಯಾಮೆರಾ ಬಾಡಿಗೆಗೆ ತಂದು ನಸುಕಿನಲ್ಲಿ ಹಾರಿಸಿದ್ದೂ ಆಯಿತು. ಹಳ್ಳದ ದಂಡೆಯ ಒರತೆ ತಣ್ಣನೆಯ ನೆಲದ ನಡುವೆ ಬೆಚ್ಚಗೆ ಹೊಳೆಯಿತು. ನೋಡಲು ಎಷ್ಟು ಚೆಂದ ಅಂತೀರಿ! ಆದರೆ ಆಳದ ನೀರಿಗೆ ಅದು ಕೆಲಸಕ್ಕೆ ಬರಲಿಲ್ಲ.

ಫೋಟೋ ನೋಡಿ ನೇರ ಕೊರೆಸುವುದಿಲ್ಲ. ಗೆರೆಯ ಮೇಲೆ ನಡೆದು, ರೆಸಿಸ್ಟಿವಿಟಿ ಪರೀಕ್ಷೆ (ನೆಲಕ್ಕೆ ಕರೆಂಟ್ ಹಾಯಿಸಿ ಒಳಗಿನ ಕಲ್ಲು, ತೇವ ಅಂದಾಜಿಸುವುದು) ಮಾಡಿಸಿದ ಮೇಲೇ ಪಾಯಿಂಟ್. ಹೀಗೆ ಕೊಟ್ಟ ಒಂಬತ್ತರಲ್ಲಿ ಏಳಕ್ಕೆ ನೀರು ಬಂದಿದೆ. ಈ ಬೇಸಿಗೆಗೆ ಆ ಡೈಕಿನ ಜಾಗಕ್ಕೇ ಮತ್ತೆ ಹೋಗುತ್ತಿದ್ದೇನೆ. ಅದರ ಮೇಲ್ಬದಿಗೆ, ಮೂವತ್ತು ಮೀಟರ್ ಆಚೆ, ಒಂದು ಹಸಿರು ಸಾಲು ಕಂಡಿದೆ.